ಆರಕ್ಕೆ ಮೊದಲಿನ ಮೂರು ವರ್ಷ: ಉಚಿತ ಶಿಶುಶಿಕ್ಷಣ ಮತ್ತು ಹೊರನಾಡ ಕನ್ನಡ ಶಾಲೆ

ಶಾಲೆ ಎಂದೊಡನೆ ಒಂದನೆಯ ತರಗತಿಯಿಂದ ಮೊದಲಾಗುವ ವ್ಯವಸ್ಥೆಯೊಂದು ಕಣ್ಣೆದುರು ನಿಲ್ಲುತ್ತದೆ. ಸರಕಾರಿ ಶಾಲೆ, ಜಿಲ್ಲಾ ಪರಿಷತ್ತಿನ ಶಾಲೆ, ನಗರಪಾಲಿಕೆಯ ಶಾಲೆ ಇವೆಲ್ಲ ಬಹುಕಾಲ ಈ ಕಲ್ಪನೆಯ ಮೇಲೆಯೇ ನಿಂತಿದ್ದವು. ಮಗುವಿಗೆ ಐದೋ ಆರೋ ತುಂಬಿದ ಮೇಲೆ ಹೆಸರು ದಾಖಲಾಗುತ್ತಿತ್ತು. ಅದಕ್ಕೆ ಮೊದಲಿನ ಕಾಲ ಮನೆಯದು, ಅಜ್ಜಿಯದು, ಅಂಗಳದ್ದು. ಈ ಚಿತ್ರ ಈಗ ಬಹಳಷ್ಟು ಮಾಸಿದೆ. ಪಟ್ಟಣದ ಮಗು ಮೂರನೆಯ ವರ್ಷಕ್ಕೇ ಹೆಗಲಿಗೆ ಚೀಲ ಏರಿಸಿಕೊಂಡು ನರ್ಸರಿಗೆ ಹೊರಡುತ್ತದೆ. ಕಿರಿಯ ಕೆ.ಜಿ., ಹಿರಿಯ ಕೆ.ಜಿ.ಗಳನ್ನು ದಾಟಿ ಅದು ಒಂದನೆಯ ತರಗತಿಗೆ ಬರುವ ಹೊತ್ತಿಗೆ ಯಾವ ಭಾಷೆಯಲ್ಲಿ, ಯಾವ ಬಗೆಯ ಶಾಲೆಯಲ್ಲಿ ಓದಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ.

ಈ ಮೂರು ವರ್ಷಗಳ ಶಿಕ್ಷಣವನ್ನು ಸಾರ್ವಜನಿಕ ಶಾಲೆಗಳು ಉಚಿತವಾಗಿ ಒದಗಿಸಬೇಕೆ ಎಂಬ ಪ್ರಶ್ನೆ ಶಿಕ್ಷಣತಜ್ಞರಿಗೆ, ಅರ್ಥಶಾಸ್ತ್ರಜ್ಞರಿಗೆ ಸೇರಿದ್ದೆಂದು ಭಾಷೆ ಸಾಹಿತ್ಯಗಳ ಅಭ್ಯಾಸಿಗಳು ಭಾವಿಸುವುದುಂಟು. ಹೊರನಾಡಿನ ಕನ್ನಡದ ಮಟ್ಟಿಗಂತೂ ಈ ಭಾವನೆ ಸರಿಯಲ್ಲ. ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದುಗಳಲ್ಲಿ ಕನ್ನಡ ಶಾಲೆಯ ಅಳಿವು ಉಳಿವಿನ ಮಾತು ಬಂದಾಗಲೆಲ್ಲ ಚರ್ಚೆ ಒಂದನೆಯ ತರಗತಿಯ ದಾಖಲಾತಿಯಿಂದ ಆರಂಭವಾಗುತ್ತದೆ. ಆದರೆ ಶಾಲೆ ಸೋಲುವುದು ಅಲ್ಲಲ್ಲ, ಅದಕ್ಕಿಂತ ಮೂರು ವರ್ಷ ಹಿಂದೆ. ಆದುದರಿಂದ ಉಚಿತ ಶಿಶುಶಿಕ್ಷಣದ ಪ್ರಶ್ನೆಯನ್ನು ಅದರ ಚರಿತ್ರೆ, ಕಾನೂನು ಮತ್ತು ಅನುಭವಗಳ ಹಿನ್ನೆಲೆಯಲ್ಲಿ ಪರಿಶೀಲಿಸಿ, ಅದು ಹೊರನಾಡ ಕನ್ನಡಕ್ಕೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ಗುರುತಿಸುವುದು ಅಗತ್ಯವಾಗಿದೆ.

ಚರಿತ್ರೆಯ ಹಿನ್ನೆಲೆ

ಭಾರತದಲ್ಲಿ ಉಚಿತ ಶಿಕ್ಷಣದ ಬೇಡಿಕೆ ಮೊದಲಿನಿಂದಲೂ ಆರನೆಯ ವರ್ಷವನ್ನು ಗಡಿಯಾಗಿ ಇಟ್ಟುಕೊಂಡು ಬಂದಿದೆ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆ ಆರರಿಂದ ಹತ್ತು ವರ್ಷದ ಮಕ್ಕಳನ್ನು ಉದ್ದೇಶಿಸಿತ್ತು. ಆ ಮಸೂದೆ ಬಿದ್ದುಹೋಯಿತು. ಮುಂದೆ 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆ ಬಂದಿತು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿಯೇ ಇಂಥ ಕಾನೂನು ಆಗಿತ್ತು. ಇವೆಲ್ಲವುಗಳ ಕಾಳಜಿ ಓದು ಬರಹ ಕಲಿಯುವ ವಯಸ್ಸಿನ ಮಗುವಾಗಿತ್ತು. ಅದಕ್ಕಿಂತ ಚಿಕ್ಕ ಮಗು ಶಾಸನಕರ್ತರ ಲೆಕ್ಕಕ್ಕೆ ಬಂದಿರಲಿಲ್ಲ.

ಆ ಚಿಕ್ಕ ಮಗುವನ್ನು ಲೆಕ್ಕಕ್ಕೆ ತಂದವರು ಶಾಸನಸಭೆಯ ಹೊರಗಿದ್ದ ಶಿಕ್ಷಕರು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮಾಂಟೆಸರಿಯವರ ವಿಧಾನವನ್ನು ಅವರು ಗುಜರಾತಿನ ಕತೆ, ಹಾಡು, ಆಟಗಳೊಂದಿಗೆ ಬೆಸೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1936ರಲ್ಲಿ ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ನಡೆಸತೊಡಗಿದರು. ನಗರದ ಮಧ್ಯಮ ವರ್ಗದ ಮಕ್ಕಳಿಗೆ ಮಾತ್ರ ಇದು ಮೀಸಲಾಗಬಾರದೆಂದು 1945ರಲ್ಲಿ ಅವರು ಠಾಣೆ ಜಿಲ್ಲೆಯ ಬೋರ್ಡಿಗೆ ಹೋದರು; ಅನುತಾಯಿ ವಾಘರು ಅಲ್ಲಿ ಅವರ ಜೊತೆಗೂಡಿದರು. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬಾರದೆ ಹೋದಾಗ ಬಾಲವಾಡಿಯೇ ಅವರ ಅಂಗಳಕ್ಕೆ ಹೋಯಿತು. ಮುಂದೆ ದೇಶವೆಲ್ಲ ಬಳಸಿದ ‘ಅಂಗನವಾಡಿ’ ಎಂಬ ಮಾತಿನ ಹುಟ್ಟು ಇಲ್ಲಿದೆ. ಮಗು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕು ಎಂಬ ಈ ತತ್ತ್ವ ಇಡೀ ಚರ್ಚೆಗೆ ಆಧಾರಪ್ರಾಯವಾದುದು.

ಇದೇ ಅವಧಿಯಲ್ಲಿ, 1939ರಲ್ಲಿ, ಮರಿಯಾ ಮಾಂಟೆಸರಿಯವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ನೀಡತೊಡಗಿದರು. ಕನ್ನಡ ನಾಡಿನಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದ್ದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದರು. ಈ ಬಗೆಯ ಪ್ರಯತ್ನಗಳ ಪ್ರಭಾವ ಸರಕಾರದ ಮೇಲೂ ಆಯಿತೆನ್ನಬಹುದು. 1944ರ ಸಾರ್ಜೆಂಟ್ ವರದಿ ಮೂರರಿಂದ ಆರು ವರ್ಷದ ಮಕ್ಕಳಲ್ಲಿ 10 ಲಕ್ಷ ಮಂದಿಗೆ ಉಚಿತ ಶಿಶುಶಾಲೆಗಳನ್ನು ಕಲ್ಪಿಸಬೇಕೆಂದು ಶಿಫಾರಸು ಮಾಡಿತು. ಅಂದರೆ ಉಚಿತ ಶಿಶುಶಿಕ್ಷಣ ಇತ್ತೀಚಿನ ಬೇಡಿಕೆಯಲ್ಲ, ಸ್ವಾತಂತ್ರ್ಯಕ್ಕಿಂತ ಹಳೆಯದು. ಆದರೆ 1964–66ರ ಕೊಠಾರಿ ಆಯೋಗ ಶಿಶುಶಿಕ್ಷಣದ ಮಹತ್ತ್ವವನ್ನು ಒಪ್ಪಿಯೂ ಶಾಲೆಗಳನ್ನು ನಡೆಸುವ ಹೊಣೆಯನ್ನು ಬಹುಮಟ್ಟಿಗೆ ಖಾಸಗಿ ಪ್ರಯತ್ನಕ್ಕೆ ಬಿಟ್ಟಿತು. ಪಟ್ಟಣಗಳಲ್ಲಿ ಶುಲ್ಕದ ನರ್ಸರಿಗಳು ಬೆಳೆಯುವುದಕ್ಕೆ ಈ ನೀತಿ ಎಡೆಮಾಡಿಕೊಟ್ಟಿತು.

ಕಾನೂನಿನಲ್ಲಿ ಉಳಿದ ಕಂದರ

ಸಂವಿಧಾನದ 45ನೆಯ ವಿಧಿ ಮೂಲತಃ ಹದಿನಾಲ್ಕು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಯತ್ನಿಸಬೇಕೆಂದು ಹೇಳಿತ್ತು. ಅಲ್ಲಿ ಮೇಲಿನ ವಯಸ್ಸಿಗೆ ಮಿತಿ ಇತ್ತೇ ಹೊರತು ಕೆಳಗಿನ ವಯಸ್ಸಿಗೆ ಇರಲಿಲ್ಲ ಎಂಬುದು ಗಮನಾರ್ಹ. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಾಗಲೂ ಹದಿನಾಲ್ಕು ವರ್ಷದ ಈ ಮಿತಿಯನ್ನೇ ಅನುಸರಿಸಿತು. ಆದರೆ 2002ರ 86ನೆಯ ತಿದ್ದುಪಡಿ ಈ ವಿಶಾಲ ಅರ್ಥವನ್ನು ಎರಡಾಗಿ ಸೀಳಿತು. ಆರರಿಂದ ಹದಿನಾಲ್ಕರ ಮಕ್ಕಳಿಗೆ 21-ಎ ವಿಧಿಯ ಮೂಲಭೂತ ಹಕ್ಕು ದೊರೆಯಿತು. ಆರರೊಳಗಿನ ಮಕ್ಕಳು ಬದಲಾದ 45ನೆಯ ವಿಧಿಯ ನೆರಳಿಗೆ, ಎಂದರೆ ರಾಜ್ಯದ ‘ಯತ್ನ’ಕ್ಕೆ ಬಿಟ್ಟುಕೊಡಲ್ಪಟ್ಟರು.

2009ರ ಶಿಕ್ಷಣ ಹಕ್ಕು ಕಾಯಿದೆ ಈ ಭೇದವನ್ನು ಮುಂದುವರಿಸಿತು. ಅದರ 11ನೆಯ ಪ್ರಕರಣದ ಪ್ರಕಾರ ಮೂರು ವರ್ಷ ಮೀರಿದ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆಯನ್ನು ಸರಕಾರ ಮಾಡಬಹುದು, ಮಾಡಲೇಬೇಕೆಂದಿಲ್ಲ. ಇದೇ ಕಾಯಿದೆಯ 12ನೆಯ ಪ್ರಕರಣ ಖಾಸಗಿ ಶಾಲೆಗಳು ದುರ್ಬಲ ವರ್ಗಗಳ ಮಕ್ಕಳಿಗೆ ಒಂದನೆಯ ತರಗತಿಯಲ್ಲಿ ಕನಿಷ್ಠ ಶೇಕಡಾ 25ರಷ್ಟು ಸ್ಥಾನಗಳನ್ನು ಕೊಡಬೇಕೆಂದು ವಿಧಿಸುತ್ತದೆ. ಅಂಥ ಶಾಲೆ ಶಾಲಾಪೂರ್ವ ಶಿಕ್ಷಣ ನೀಡುತ್ತಿದ್ದರೆ ಈ ನಿಯಮ ಆ ಹಂತದ ಪ್ರವೇಶಕ್ಕೂ ಅನ್ವಯಿಸುತ್ತದೆ. ಹೀಗೆ ಬಡ ಮಗುವಿಗೆ ಉಚಿತ ಶಿಶುಶಿಕ್ಷಣ ನೀಡುವ ಹೊಣೆ ನರ್ಸರಿ ನಡೆಸುವ ಖಾಸಗಿ ಶಾಲೆಗೆ ಕಡ್ಡಾಯ, ಸರಕಾರದ ಸ್ವಂತ ಶಾಲೆಗೆ ಐಚ್ಛಿಕ ಎಂಬ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಪರರ ಮನೆಯಲ್ಲಿ ಎಲೆ ಹಾಕಿಸಿ ತನ್ನ ಮನೆಯ ಬಾಗಿಲು ಮುಚ್ಚಿಕೊಂಡಂತೆ ಇದು.

ವಯಸ್ಸಿನ ನಿಯಮ ಈ ಕಂದರವನ್ನು ಮತ್ತಷ್ಟು ಎದ್ದುಕಾಣುವಂತೆ ಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟರವರೆಗಿನ ಐದು ವರ್ಷಗಳನ್ನು ಬುನಾದಿ ಹಂತವೆಂದು ಕರೆದು, ಮೊದಲ ಮೂರು ವರ್ಷಗಳನ್ನು ಅದರ ಅಂಗವಾಗಿಸಿತು. 2030ರೊಳಗೆ ಎಲ್ಲ ಮಕ್ಕಳಿಗೂ ಈ ಶಿಕ್ಷಣ ದೊರೆಯಬೇಕೆಂಬ ಗುರಿಯನ್ನಿಟ್ಟಿತು. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಅನೇಕ ರಾಜ್ಯಗಳು ಇದರ ಬೆನ್ನಿಗೇ ಸ್ವೀಕರಿಸಿದವು. ಆರು ವರ್ಷದ ನಿಯಮ ಶಿಶುವಿನ ದೃಷ್ಟಿಯಿಂದ ಯುಕ್ತವಾದುದೇ. ಆದರೆ ಸಾರ್ವಜನಿಕ ಶಿಶುಶಾಲೆ ಇಲ್ಲದ ಕಡೆ ಅದರ ಫಲ ಬೇರೆಯಾಗುತ್ತದೆ: ನಾಲ್ಕೂವರೆ ಐದು ವರ್ಷಕ್ಕೇ ಸರಕಾರಿ ಶಾಲೆಯಲ್ಲಿ ಕುಳಿತು ಕಲಿಯುತ್ತಿದ್ದ ಬಡ ಮಗು ಇನ್ನೊಂದು ವರ್ಷ ಹೊರಗೆ ನಿಲ್ಲುತ್ತದೆ. ಹಣವಿದ್ದವರ ಮಗು ಕೆ.ಜಿ.ಯಲ್ಲಿ ಮುಂದುವರಿಯುತ್ತದೆ.

ಅಂಗನವಾಡಿಯೋ ಶಾಲೆಯೋ

ಈ ಹಂತದಲ್ಲಿ ಅಂಗನವಾಡಿಯ ಮಾತನ್ನು ಎತ್ತದೆ ಗತ್ಯಂತರವಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ, ಮುಂಬಯಿಯಲ್ಲಿ ಧಾರಾವಿ ಈ ಮೊದಲ ಕೇಂದ್ರಗಳಲ್ಲಿ ಸೇರಿದ್ದವು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸಿಕೊಡುವುದು, ತಾಯಂದಿರಿಗೆ ತಿಳುವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳು ಒಂದೇ ಸೂರಿನಡಿ ದೊರೆಯಬೇಕೆಂಬುದು ಇದರ ಆಶಯ. ಇಂದು ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದ್ದರಿಂದ ಉಚಿತ ಶಿಶುಶಿಕ್ಷಣ ಈಗಾಗಲೇ ಇದೆಯಲ್ಲ, ಶಾಲೆಯಲ್ಲಿ ಮತ್ತೆ ಯಾಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಉತ್ತರವನ್ನು ಅಂಗನವಾಡಿ ಕಾರ್ಯಕರ್ತೆಯ ದಿನಚರಿಯಲ್ಲಿ ಹುಡುಕಬೇಕು. ಬೆಳಗ್ಗೆ ಮಕ್ಕಳನ್ನು ಕರೆತರುವುದು, ತೂಕ ನೋಡುವುದು, ಆಹಾರ ಹಂಚುವುದು, ಗರ್ಭಿಣಿಯರ ಮನೆಗೆ ಹೋಗುವುದು, ನೋಂದಣಿ ಪುಸ್ತಕಗಳನ್ನು ತುಂಬುವುದು, ಇವೆಲ್ಲದರ ನಡುವೆ ಹಾಡು, ಕತೆ, ಆಟಗಳಿಗೆ ಉಳಿಯುವ ಸಮಯ ಅತ್ಯಲ್ಪ. ಆಕೆಯನ್ನು ಇಂದಿಗೂ ‘ಗೌರವಧನ’ ಪಡೆಯುವ ಸ್ವಯಂಸೇವಕಿ ಎಂದೇ ಎಣಿಸಲಾಗಿದೆ. 2022ರ ಏಪ್ರಿಲಿನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾರ್ಯಕರ್ತೆಯರಿಗೆ ಉಪದಾನದ ಹಕ್ಕಿದೆಯೆಂದು ತೀರ್ಪಿತ್ತಿತು. ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಪ್ರಕರಣದ ಶಾಲಾಪೂರ್ವ ಶಿಕ್ಷಣದ ಕಾರ್ಯವನ್ನು ಅವರು ನಿರ್ವಹಿಸುತ್ತಿದ್ದಾರೆಂಬುದನ್ನೂ ಅದು ಗಮನಕ್ಕೆ ತೆಗೆದುಕೊಂಡಿತು.

ಶಾಲೆ ಮತ್ತು ಅಂಗನವಾಡಿಗಳನ್ನು ಎದುರುಬದುರಾಗಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಹೊರೆಯ ರಾಜ್ಯಗಳಲ್ಲಿ ನಿದರ್ಶನಗಳಿವೆ. ತಮಿಳುನಾಡು 2019ರ ಜನವರಿಯಲ್ಲಿ ಸರಕಾರಿ ಶಾಲೆಗಳ ಆವರಣದಲ್ಲಿದ್ದ 2,381 ಅಂಗನವಾಡಿಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆಯಿತು. ಅವುಗಳಿಗೆ ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಕಳುಹಿಸಿದುದರಿಂದ ಅಸಮಾಧಾನ ಹುಟ್ಟಿತು. 2022ರಲ್ಲಿ ಸರಕಾರ ತರಗತಿಗಳನ್ನು ಕೈಬಿಡಲು ಹೊರಟು, ಜನರ ವಿರೋಧದಿಂದ ಹಿಂದೆ ಸರಿಯಿತು. ಕರ್ನಾಟಕದಲ್ಲಿ ಸರಕಾರಿ ಶಾಲೆಗಳಲ್ಲಿ ಇಂಥ ತರಗತಿಗಳನ್ನು ತೆರೆದಾಗ ಮಕ್ಕಳು ಅತ್ತ ಹೋಗಿ ತಮ್ಮ ಕೇಂದ್ರಗಳು ಬರಿದಾಗುತ್ತವೆಂದು ಅಂಗನವಾಡಿ ಕಾರ್ಯಕರ್ತೆಯರು 2019ರಲ್ಲಿಯೂ 2024ರಲ್ಲಿಯೂ ಪ್ರತಿಭಟಿಸಿದರು. 2024ರ ಜುಲೈಯಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ಸರಕಾರಿ ಮಾಂಟೆಸರಿಗಳೆಂದು ಮೇಲ್ದರ್ಜೆಗೇರಿಸಲಾಯಿತು. ಈ ಎರಡು ಘಟನೆಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಉಚಿತ ಶಿಶುಶಾಲೆಯನ್ನು ಜನ ಬಯಸುತ್ತಾರೆ. ಒಮ್ಮೆ ಕೊಟ್ಟುದನ್ನು ಹಿಂದೆಗೆಯುವುದು ಸುಲಭವಲ್ಲ. ಎರಡನೆಯದಾಗಿ, ಆಹಾರ ಆರೋಗ್ಯಗಳ ಹೊಣೆ ಹೊತ್ತ ಅಂಗನವಾಡಿಯನ್ನು ಒಡೆದು ಶಿಶುಶಾಲೆಯನ್ನು ಕಟ್ಟಲಾಗದು.

ಆಕ್ಷೇಪಗಳು ಮತ್ತು ಅನುಭವಗಳು

ಸಾರ್ವಜನಿಕ ಶಿಶುಶಾಲೆಯ ಬಗ್ಗೆ ಎತ್ತಲಾಗುವ ಆಕ್ಷೇಪಗಳು ಮುಖ್ಯವಾಗಿ ಮೂರು. ಮೂರು ವರ್ಷದ ಮಗುವಿನ ಸ್ಥಾನ ತಾಯಿಯ ಮಡಿಲೇ ಹೊರತು ಶಾಲೆಯ ಬೆಂಚಲ್ಲ ಎಂಬುದು ಮೊದಲನೆಯದು. ಒಂದರಿಂದ ಎಂಟರವರೆಗಿನ ತರಗತಿಗಳಿಗೇ ಶಿಕ್ಷಕರೂ ಕೊಠಡಿಗಳೂ ಸಾಲದಿರುವಾಗ ಹೊಸ ಹೊರೆ ಏಕೆ ಎಂಬುದು ಎರಡನೆಯದು. ಶಿಶುಶಾಲೆಯ ಪ್ರಯೋಜನ ಒಂದೆರಡು ವರ್ಷಗಳಲ್ಲಿ ಕರಗಿಹೋಗುತ್ತದೆ ಎಂಬುದು ಮೂರನೆಯದು.

ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಕೂಲಿಗೆ ಹೋಗುವ ತಾಯಿಯ ಮಡಿಲು ಹಗಲು ಹೊತ್ತು ಬಿಡುವಾಗಿರುವುದಿಲ್ಲ. 1969ರಲ್ಲಿ ದೆಹಲಿಯಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳು ಬಿಸಿಲು ದೂಳುಗಳಲ್ಲಿ ಬಿದ್ದಿದ್ದುದನ್ನು ಕಂಡ ಮೀರಾ ಮಹಾದೇವನ್ ಅವರು ಕೆಲಸದ ಸ್ಥಳದಲ್ಲೇ ಶಿಶುಪಾಲನ ಕೇಂದ್ರವನ್ನು ತೆರೆದರು. ‘ಮೊಬೈಲ್ ಕ್ರೆಶಸ್’ ಎಂಬ ಹೆಸರಿನ ಆ ಸಂಸ್ಥೆಯ ಕೆಲಸ ಮುಂದೆ ಮುಂಬಯಿ, ಪುಣೆಗಳಿಗೂ ಹಬ್ಬಿತು. ಇಂಥ ಮಗುವಿನ ಮುಂದಿರುವ ಆಯ್ಕೆ ಮನೆಯೋ ಶಾಲೆಯೋ ಎಂಬುದಲ್ಲ; ಬೀದಿಯೋ ಶಾಲೆಯೋ ಎಂಬುದು. ಒಮ್ಮೊಮ್ಮೆ ಅದರ ಹಗಲು ಐದಾರು ವರ್ಷದ ಅಕ್ಕನ ಸೊಂಟದ ಮೇಲೆ ಕಳೆಯುತ್ತದೆ. ಆಗ ತಮ್ಮನಿಗೆ ಶಿಶುಶಾಲೆ ಇಲ್ಲದ ಕಾರಣಕ್ಕೆ ಅಕ್ಕನ ಶಾಲೆಯೂ ತಪ್ಪುತ್ತದೆ.

ಎರಡನೆಯ ಆಕ್ಷೇಪಕ್ಕೆ ಉತ್ತರ ಲೆಕ್ಕದಲ್ಲಿದೆ. ನಗರಪಾಲಿಕೆಗಳ ಪ್ರಾದೇಶಿಕ ಭಾಷೆಯ ಮತ್ತು ಅಲ್ಪಸಂಖ್ಯಾತ ಭಾಷೆಗಳ ಅನೇಕ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿ ಕೊಠಡಿಗಳು ತೆರವಾಗಿವೆ. ಕಟ್ಟಡವಿದೆ, ನೀರಿದೆ, ಬಿಸಿಯೂಟದ ಏರ್ಪಾಡಿದೆ. ಬೇಕಾಗಿರುವುದು ತರಬೇತಿ ಪಡೆದ ಶಿಕ್ಷಕಿ ಮತ್ತು ಸಹಾಯಕಿ. ಇದಕ್ಕೆ ಹಣ ಬೇಕೆಂಬುದು ನಿಜ. ಆದರೆ ಬಡ ತಂದೆ ತಾಯಿಗಳು ಗಲ್ಲಿಯ ನರ್ಸರಿಗೆ ತೆರುವ ಶುಲ್ಕವೂ ಹಣವೇ. ಸಮಾಜ ಈ ವೆಚ್ಚವನ್ನು ಈಗಲೂ ಮಾಡುತ್ತಲೇ ಇದೆ. ಹೊರಲಾರದವರು ಹೊರುತ್ತಿದ್ದಾರೆ ಎಂಬುದೇ ವ್ಯತ್ಯಾಸ.

ಮೂರನೆಯ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಶಿಶುಶಾಲೆಯ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿಯ 123 ಬಡ ಮಕ್ಕಳನ್ನು ದಶಕಗಳ ಕಾಲ ಅನುಸರಿಸಿ ನೋಡಿದಾಗ, ಶಿಶುಶಾಲೆಗೆ ಹೋದವರು ಶಾಲೆ ಮುಗಿಸುವುದರಲ್ಲಿ, ಸಂಪಾದನೆಯಲ್ಲಿ ಮುಂದಿದ್ದರು. ಆದರೆ ಟೆನೆಸಿ ರಾಜ್ಯದ ಸಾರ್ವಜನಿಕ ಶಿಶುಶಾಲೆಗಳನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಫಲಿತಾಂಶ ನೀಡಿತು: ಶಿಶುಶಾಲೆಗೆ ಹೋದ ಮಕ್ಕಳು ಆರನೆಯ ತರಗತಿಯ ಹೊತ್ತಿಗೆ ಹೋಗದವರಿಗಿಂತ ಪರೀಕ್ಷೆಗಳಲ್ಲಿ ಹಿಂದಿದ್ದರು. ಪೆರಿ ಶಾಲೆಯಲ್ಲಿ ಮಕ್ಕಳ ಗುಂಪುಗಳು ಸಣ್ಣವು, ಶಿಕ್ಷಕರು ತರಬೇತಿ ಪಡೆದವರು, ವಾರಕ್ಕೊಮ್ಮೆ ಅವರು ಮನೆಗೂ ಹೋಗುತ್ತಿದ್ದರು. ಬಾಗಿಲು ತೆರೆದ ಮಾತ್ರಕ್ಕೆ ಫಲ ಬಾರದು, ಒಳಗೆ ನಡೆಯುವುದೇನು ಎಂಬುದು ಮುಖ್ಯ ಎಂದು ಈ ಎರಡನ್ನೂ ಕೂಡಿಸಿ ಓದಿದಾಗ ತೋರುತ್ತದೆ.

ಭಾರತದ ಅನುಭವವೂ ಇದನ್ನೇ ಪುಷ್ಟೀಕರಿಸುತ್ತದೆ. ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸುಮಾರು 14,000 ಮಕ್ಕಳನ್ನು ನಾಲ್ಕನೆಯ ವಯಸ್ಸಿನಿಂದ ಅನುಸರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ, ಮಕ್ಕಳು ಶಾಲೆಗೆ ಬೇಕಾದ ಸಿದ್ಧತೆಯಿಲ್ಲದೆಯೇ ಒಂದನೆಯ ತರಗತಿಗೆ ಬರುತ್ತಿದ್ದಾರೆಂದು ಕಂಡುಕೊಂಡಿತು. ಖಾಸಗಿ ನರ್ಸರಿಗಳಲ್ಲಿ ಆಟಕ್ಕೆ ಬದಲಾಗಿ ಅಕ್ಷರ ತಿದ್ದಿಸುವುದೇ ಪ್ರಧಾನವಾಗಿತ್ತು. ತಮಿಳುನಾಡಿನ 320 ಅಂಗನವಾಡಿಗಳನ್ನೊಳಗೊಂಡ ಪ್ರಯೋಗವೊಂದರಲ್ಲಿ ಆಯ್ದ ಕೇಂದ್ರಗಳಿಗೆ ಶಿಕ್ಷಣಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟಾಗ ಕಲಿಕೆಯ ಅವಧಿ ಇಮ್ಮಡಿಯಾಯಿತು. ಮಕ್ಕಳ ಭಾಷೆ ಗಣಿತಗಳು ಸುಧಾರಿಸಿದವು. ಮೊದಲಿನ ಕಾರ್ಯಕರ್ತೆಗೆ ಬಿಡುವು ದೊರೆತುದರಿಂದ ಪೋಷಣೆಯೂ ಉತ್ತಮವಾಯಿತು. ಗಿಜುಭಾಯಿ, ತಾರಾಬಾಯಿಯವರು ಅನುಭವದಿಂದ ಕಂಡುಕೊಂಡುದನ್ನು ಈ ಅಧ್ಯಯನಗಳು ಅಂಕಿಗಳಲ್ಲಿ ಹೇಳುತ್ತವೆ. ಶಿಶುಶಾಲೆ ಒಂದನೆಯ ತರಗತಿಯನ್ನು ಕೆಳಕ್ಕೆಳೆದು ಮಾಡಿದ್ದಾಗಬಾರದು. ಅಲ್ಲಿ ಮಗುವಿಗೆ ಮಾತು ಸಿಗಬೇಕು, ಕತೆ ಸಿಗಬೇಕು, ಜೊತೆಗಾರರು ಸಿಗಬೇಕು. ಮಾತು ಎಂದೊಡನೆ ಯಾವ ಮಾತು ಎಂಬ ಪ್ರಶ್ನೆ ಏಳುತ್ತದೆ. ಹೊರನಾಡಿನ ಸಮಸ್ಯೆ ಇಲ್ಲಿಂದಲೇ ತೊಡಗುತ್ತದೆ.

ಹೊರನಾಡಿನ ಮಗು

ಹೊರನಾಡಿನ ಕನ್ನಡ ಮಗು ಎಂದಾಗ ಕನಿಷ್ಠ ಎರಡು ಬಗೆಯ ಮಕ್ಕಳನ್ನು ಗಮನದಲ್ಲಿರಿಸಿಕೊಳ್ಳಬೇಕು. ಒಂದು, ಎರಡು ಮೂರು ತಲೆಮಾರುಗಳಿಂದ ನೆಲೆಸಿದ ಕುಟುಂಬಗಳ ಮಗು. ಮುಂಬಯಿಯಲ್ಲಿ ಇಂಥ ಅನೇಕ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಆ ಮನೆಗಳಿಗೆ ತೊಟ್ಟಿಲಿನಿಂದ ಬಂದುದಲ್ಲ. ಶಾಲೆ, ಯಕ್ಷಗಾನ, ಪತ್ರಿಕೆ, ಭಜನೆಗಳಿಂದ ಬಂದುದು. ಅವುಗಳಲ್ಲಿ ಶಾಲೆಯೇ ಬುಡ. ಶಾಲೆ ತಪ್ಪಿದರೆ ಕನ್ನಡ ಒಂದೇ ತಲೆಮಾರಿನಲ್ಲಿ ಅಂಥ ಮನೆಗಳಿಂದ ಹೊರಬೀಳುತ್ತದೆ; ತುಳು ಉಳಿಯಬಹುದು, ಕನ್ನಡ ಉಳಿಯದು. ಎರಡನೆಯದು, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಗುಳೆ ಬಂದವರ ಮಗು. ಅದರ ಮನೆಮಾತು ಕನ್ನಡವೋ ಲಂಬಾಣಿಯೋ ಆಗಿರುತ್ತದೆ. ಮೊದಲಿನ ಮಗುವಿಗೆ ಕನ್ನಡ ಪರಂಪರೆಯ ಪ್ರಶ್ನೆಯಾದರೆ ಎರಡನೆಯದಕ್ಕೆ ತಿಳಿವಳಿಕೆಯ ಪ್ರಶ್ನೆ. ಶಿಕ್ಷಕಿಯ ಮಾತು ಅರ್ಥವಾಗದಿದ್ದರೆ ಅದು ಮೂಲೆಯಲ್ಲಿ ಸುಮ್ಮನೆ ಕುಳಿತು ಎದ್ದುಹೋಗುತ್ತದೆ.

ಮುಂಬಯಿ ನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಎಂಬ ಎಂಟು ಮಾಧ್ಯಮಗಳಲ್ಲಿ ಪ್ರಾಥಮಿಕ ಶಿಕ್ಷಣ ನೀಡುತ್ತ ಬಂದಿದೆ. ಇಂಥ ಔದಾರ್ಯ ದೇಶದ ನಗರಗಳಲ್ಲಿ ವಿರಳ. ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಆದರೆ ಈ ವ್ಯವಸ್ಥೆ ರೂಪುಗೊಂಡಿದ್ದು ಶಾಲೆ ಒಂದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಕಾಲದಲ್ಲಿ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350-ಎ ವಿಧಿ ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಬೋಧಿಸುವ ಸೌಲಭ್ಯವನ್ನು ಪ್ರಾಥಮಿಕ ಹಂತದಲ್ಲಿ ಎಂದು ಹೇಳಿತು. ಶಾಲೆಯಲ್ಲಿ 40 ಮಂದಿ ಅಥವಾ ತರಗತಿಯಲ್ಲಿ 10 ಮಂದಿ ಆ ಭಾಷೆಯ ಮಕ್ಕಳಿದ್ದರೆ ಶಿಕ್ಷಕರನ್ನು ಒದಗಿಸಬೇಕೆಂಬ ಸೂತ್ರವನ್ನು 1949ರಲ್ಲಿಯೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ಈ ರಕ್ಷಣೆಗಳೆಲ್ಲ ಆರನೆಯ ವರ್ಷಕ್ಕೆ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಮಗು ಬೇರೆಡೆ ಹೋಗಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನಗರಪಾಲಿಕೆಯೂ ಈ ಮೂರು ವರ್ಷಗಳ ಬೆಲೆಯನ್ನು ಅರಿತಿದೆ. 2020ರ ಬಳಿಕ ‘ಮುಂಬಯಿ ಪಬ್ಲಿಕ್ ಸ್ಕೂಲ್’ ಎಂಬ ಹೆಸರಿನಲ್ಲಿ ಕೇಂದ್ರೀಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆಗಳನ್ನು ಶಿಶುತರಗತಿಗಳ ಸಹಿತ ಅದು ತೆರೆಯಿತು; ಅವುಗಳಿಗೆ ಬೇಡಿಕೆಯೂ ಹೆಚ್ಚು. ಉಚಿತ ಶಿಶುಶಾಲೆ ಇಂಗ್ಲಿಷಿನ ಬಾಗಿಲಲ್ಲಿ ಮಾತ್ರ ಗಟ್ಟಿಯಾಗಿ ನಿಂತರೆ, ಉಚಿತವೆಂಬ ಕಾರಣಕ್ಕಾಗಿ ಕನ್ನಡ ಶಾಲೆಗೆ ಬರುತ್ತಿದ್ದ ಕೊನೆಯ ಮಗುವೂ ಅಲ್ಲಿಗೇ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ತಂದೆ ತಾಯಿಗಳನ್ನು ಕಾನೂನಿನಿಂದ ತಡೆಯುವ ದಾರಿಯೂ ಇಲ್ಲ. ಕರ್ನಾಟಕದ ಮಾಧ್ಯಮ ನೀತಿಯನ್ನು ಕುರಿತ 2014ರ ಮೇ 6ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಖಾಸಗಿ ಶಾಲೆಗಳ ಮೇಲೆ ತಾಯ್ನುಡಿ ಮಾಧ್ಯಮವನ್ನು ಹೇರಲಾಗದೆಂದಿತು. ಮಗುವಿನ ತಾಯ್ನುಡಿ ಯಾವುದೆಂದು ನಿರ್ಧರಿಸುವವರು ಪೋಷಕರೇ ಎಂದೂ ಹೇಳಿತು. ಕನ್ನಡದ ಹಿತಚಿಂತಕರು ಈ ತೀರ್ಪನ್ನು ಸೋಲೆಂದೇ ಎಣಿಸಿದರು. ಆದರೆ ಅದರ ಎರಡನೆಯ ಮಾತಿನಲ್ಲಿ ಹೊರನಾಡಿಗೆ ಒಂದು ಅವಕಾಶವೂ ಇದೆ. ಮುಂಬಯಿಯ ತುಳುವ ತಾಯಿ ತನ್ನ ಮಗುವಿನ ಶಿಕ್ಷಣಕ್ಕೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದರೆ ಅದನ್ನು ಪ್ರಶ್ನಿಸುವಂತಿಲ್ಲ. ಕಟ್ಟಳೆಯಿಂದ ಆಗದುದನ್ನು ಆಕರ್ಷಣೆಯಿಂದ ಮಾಡಬೇಕಾಗಿದೆ. ಆಕರ್ಷಣೆ ಹುಟ್ಟಬೇಕಾದುದು ಮೂರನೆಯ ವರ್ಷದಲ್ಲಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಕನ್ನಡ ಶಾಲೆಯನ್ನು ಉಳಿಸಲು ಮಕ್ಕಳನ್ನು ತಂದು ತುಂಬುವುದು ಶಿಶುಶಾಲೆಯ ಗುರಿಯಾದರೆ ಆ ಶಾಲೆಯೂ ಉಳಿಯದು, ಮಗುವಿಗೂ ನ್ಯಾಯ ದೊರೆಯದು. ಮಗುವಿಗಾಗಿ ಶಾಲೆಯೇ ಹೊರತು ಶಾಲೆಗಾಗಿ ಮಗುವಲ್ಲ. ನೆಲೆಸಿದ ಮಧ್ಯಮ ವರ್ಗದ ಕುಟುಂಬಗಳು ಉಚಿತವೆಂಬ ಒಂದೇ ಕಾರಣಕ್ಕೆ ಇಂಗ್ಲಿಷನ್ನು ಬಿಟ್ಟು ಬರಲಾರವು ಎಂಬುದನ್ನೂ ಒಪ್ಪಿಕೊಳ್ಳಬೇಕು. ಉಚಿತ ಶಿಶುಶಾಲೆಯ ನಿಜವಾದ ಹಕ್ಕುದಾರ ಗುಳೆ ಬಂದವರ ಮಗು, ಮನೆಗೆಲಸದವಳ ಮಗು, ಹೋಟೆಲು ಕಾರ್ಮಿಕನ ಮಗು. ಆ ಮಗುವಿಗೆ ತಿಳಿಯುವ ಮಾತಿನಲ್ಲಿ ಒಳ್ಳೆಯ ಆರಂಭ ದೊರಕಿಸಿದರೆ ಕನ್ನಡ ಶಾಲೆ ತಾನಾಗಿಯೇ ಅದರ ಫಲವನ್ನು ಪಡೆಯುತ್ತದೆ.

ಕೊನೆಯದಾಗಿ

ಈ ಎಲ್ಲ ವಿವೇಚನೆಯಿಂದ, ಸಾರ್ವಜನಿಕ ಶಾಲೆ ಮೂರನೆಯ ವರ್ಷದಿಂದಲೇ ಉಚಿತ ಶಿಕ್ಷಣವನ್ನು ಒದಗಿಸಬೇಕೆಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಆದರೆ ಅದಕ್ಕೆ ಕೆಲವು ನಿಬಂಧನೆಗಳುಂಟು. ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಪ್ರಕರಣದ ‘ಮಾಡಬಹುದು’ ಎಂಬುದು ‘ಮಾಡತಕ್ಕದ್ದು’ ಎಂದಾಗಬೇಕು. ಅಂಗನವಾಡಿಯನ್ನು ಕೆಡವದೆ, ಸಾಧ್ಯವಿದ್ದಲ್ಲಿ ಶಾಲೆಯ ಆವರಣಕ್ಕೆ ತಂದು, ಶಿಕ್ಷಣಕ್ಕೆಂದೇ ಪ್ರತ್ಯೇಕ ಶಿಕ್ಷಕಿಯನ್ನು ಕೊಡಬೇಕು. ಕಲಿಕೆ ಆಟ, ಹಾಡು, ಕತೆಗಳ ಮೂಲಕವೇ ನಡೆಯಬೇಕು. ಪರೀಕ್ಷೆ, ಸಂದರ್ಶನಗಳ ನೆರಳೂ ಬೀಳಬಾರದು. ಶಿಶುವಿಹಾರಗಳಲ್ಲಿ ಪ್ರವೇಶ ಪರೀಕ್ಷೆ ಕೂಡದೆಂದು ಯಶಪಾಲ್ ಸಮಿತಿ 1993ರಷ್ಟು ಹಿಂದೆಯೇ ಹೇಳಿತ್ತು. ಭಾಷಿಕ ಅಲ್ಪಸಂಖ್ಯಾತರ ವಿಷಯದಲ್ಲಿ 1949ರ ಹತ್ತು ನಲವತ್ತರ ಸೂತ್ರ ಶಿಶುತರಗತಿಗಳಿಗೂ ಅನ್ವಯಿಸಬೇಕು. ಹತ್ತು ಕನ್ನಡ ಮಕ್ಕಳಿದ್ದಲ್ಲಿ ಕನ್ನಡ ಬಲ್ಲ ಶಿಕ್ಷಕಿ ಇರಬೇಕು. ಅಷ್ಟು ಮಕ್ಕಳಿಲ್ಲದಲ್ಲಿ ಮಗುವಿನ ಮಾತು ಬಲ್ಲ ಒಬ್ಬ ಸಹಾಯಕಿಯಾದರೂ ಇರಬೇಕು.

ಇದರಲ್ಲಿ ಕನ್ನಡ ವಿಭಾಗಗಳಿಗೂ ಸಂಘಗಳಿಗೂ ಪಾಲುಂಟು. ಪಂಜೆ ಮಂಗೇಶರಾಯರೂ ಜಿ.ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆದ ಹಾಡುಗಳು ಮುಖ್ಯವಾಗಿ ಬಾಯಿಂದ ಬಾಯಿಗೆ ಹೋಗಬೇಕಾದವು. ಅವುಗಳ ನಿಜವಾದ ಕೇಳುಗ ಇನ್ನೂ ಅಕ್ಷರ ಕಲಿಯದ ಮಗು. ವಿಶ್ವವಿದ್ಯಾಲಯದಲ್ಲಿ ಶಿಶುಸಾಹಿತ್ಯ ಒಂದು ಪ್ರಬಂಧದ ವಿಷಯವಾಗಿ ಉಳಿದು, ನೆರೆಯ ಪಾಲಿಕೆ ಶಾಲೆಯಲ್ಲಿ ಅದನ್ನು ಹಾಡಿಕೊಡುವವರಿಲ್ಲದಿದ್ದರೆ ಆ ಅಧ್ಯಯನಕ್ಕೆ ಅರ್ಥ ಕಡಿಮೆ. ಹೊರನಾಡಿನ ಪರಿಸರಕ್ಕೆ ಒಪ್ಪುವ ಕತೆ, ಹಾಡು, ಚಿತ್ರಗಳ ಸಂಗ್ರಹ, ಬಾಲವಾಡಿ ಶಿಕ್ಷಕಿಯರಿಗೆ ಕನ್ನಡದ ಕಿರು ತರಬೇತಿ ಇವು ವಿಭಾಗಗಳು ಕೈಗೊಳ್ಳಬಹುದಾದ ಕಾರ್ಯಗಳು.

ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ರಾತ್ರಿಶಾಲೆಗಳಿಗೆ ಗೌರವದ ಸ್ಥಾನವಿದೆ. ಊರು ಬಿಟ್ಟು ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಶಾಲೆಯ ವೇಳೆಗೆ ಬರಲಾರರೆಂದು ಅರಿತ ಅಂದಿನ ಹಿರಿಯರು ಶಾಲೆಯನ್ನೇ ಆ ಹುಡುಗರ ವೇಳೆಗೆ ಹೊಂದಿಸಿದರು. ಅಲ್ಲಿ ಕಲಿತವರಲ್ಲಿ ಅನೇಕರು ಮುಂದೆ ನಗರದ ಕನ್ನಡ ಬದುಕನ್ನು ಕಟ್ಟಿದರು. ಅಂದು ವಿದ್ಯಾರ್ಥಿ ರಾತ್ರಿ ಎಂಟು ಗಂಟೆಗೆ ಬಿಡುವಾಗುತ್ತಿದ್ದ. ಶಾಲೆ ಆ ಹೊತ್ತಿಗೆ ದೀಪ ಹಚ್ಚಿತು. ಇಂದಿನ ವಿದ್ಯಾರ್ಥಿ ಮೂರನೆಯ ವರ್ಷಕ್ಕೇ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಾನೆ. ಆರು ತುಂಬಿದ ಮೇಲೆ ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸುವ ಶಾಲೆ, ಆರನೆಯ ವರ್ಷಕ್ಕೆ ಅವನನ್ನು ಕಾದು ಕುಳಿತರೆ ಅವನು ಬರಲಾರ.